ಬದಲಿ ಶಿಕ್ಷಕರಿಗೆ ಚಿತ್ರಕಲೆ ಪೀರಿಯಡ್: ಯಾವ ಪಾಠ ಆರಿಸಿಕೊಂಡರೆ ಒಳ್ಳೆಯದು?

ಬದಲಿ ಶಿಕ್ಷಕರಾಗಿ ಹೋದ ದಿನ ಚಿತ್ರಕಲೆಯ ಪೀರಿಯಡ್ ಸಿಕ್ಕರೆ ಹೆಚ್ಚಿನವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. "ನಿಮಗೆ ಇಷ್ಟ ಬಂದದ್ದು ಬಿಡಿಸಿ" ಎನ್ನುತ್ತಾರೆ. ಇಲ್ಲವೇ ಮೊದಲೇ ಅಚ್ಚಾದ ಚಿತ್ರದ ಹಾಳೆ ಹಂಚಿ ಬಣ್ಣ ತುಂಬಲು ಹೇಳುತ್ತಾರೆ. ಎರಡೂ ಸುಲಭ. ಆದರೆ ಎರಡೂ ಬೇಗ ಕೈಕೊಡುತ್ತವೆ.

ಇಷ್ಟ ಬಂದದ್ದು ಬಿಡಿಸಿ ಎಂದಾಗ ಕೈ ಪಳಗಿದ ನಾಲ್ಕೈದು ಮಕ್ಕಳು ಖುಷಿಯಿಂದ ಶುರು ಮಾಡುತ್ತಾರೆ. ಉಳಿದವರು ಖಾಲಿ ಹಾಳೆ ನೋಡುತ್ತಾ ಕೂರುತ್ತಾರೆ. ಅಥವಾ ಮೊದಲಿಂದ ಬಿಡಿಸುತ್ತಾ ಬಂದ ಅದೇ ಗುಡ್ಡ, ಸೂರ್ಯ, ಮನೆಯನ್ನು ಮತ್ತೊಮ್ಮೆ ಬಿಡಿಸಿ, ಐದೇ ನಿಮಿಷಕ್ಕೆ "ಆಯ್ತು ಮಿಸ್" ಎಂದು ಎದ್ದು ಬರುತ್ತಾರೆ. ಬಣ್ಣ ತುಂಬುವ ಹಾಳೆಯಲ್ಲಿ ಗೆರೆಯನ್ನು ಇನ್ಯಾರೋ ಎಳೆದಾಗಿದೆ. ಆಕಾರವನ್ನು ಇನ್ಯಾರೋ ತೀರ್ಮಾನಿಸಿದ್ದಾರೆ. ಗೆರೆ ದಾಟದ ಹಾಗೆ ಕೈ ಆಡಿಸುವುದಷ್ಟೇ ಮಗುವಿಗೆ ಉಳಿದ ಕೆಲಸ.

ಇವೆರಡರ ನಡುವೆ ಒಂದು ಒಳ್ಳೆಯ ಜಾಗ ಇದೆ. ಅಲ್ಲಿ ಶುರು ಮಾಡಲು ಒಂದು ಗಟ್ಟಿ ನಿಯಮ ಇರುತ್ತದೆ. ಆ ನಿಯಮದೊಳಗೆ ಮಗು ತಾನೇ ತೀರ್ಮಾನ ಮಾಡುವುದಕ್ಕೂ ಬಹಳ ಇರುತ್ತದೆ. ನಿಯಮ ಇರುವುದರಿಂದ "ಏನು ಬಿಡಿಸಲಿ?" ಎಂಬ ಪ್ರಶ್ನೆ ಬರುವುದಿಲ್ಲ. ತೀರ್ಮಾನ ಮಗುವಿನದೇ ಆಗಿರುವುದರಿಂದ ಮೂವತ್ತು ಹಾಳೆಯೂ ಬೇರೆ ಬೇರೆಯಾಗಿ ಬರುತ್ತವೆ. ಇಂಥ ಕೆಲವು ಪಾಠಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ. ಇದರಲ್ಲಿ ಯಾವುದಕ್ಕೂ ನೀವು ಕಲಾವಿದರಾಗಿರಬೇಕಿಲ್ಲ. ಗಣಿತದ ಶಿಕ್ಷಕರೂ ನಡೆಸಬಹುದು.

ಆರಿಸುವ ಮೊದಲು

ಚಿತ್ರಕಲೆಯ ಶಿಕ್ಷಕರು ಮುಂದಿನ ವಾರ ಮತ್ತೆ ಅದೇ ತರಗತಿಗೆ ಬರುತ್ತಾರೆ. ಅರ್ಧ ಉಳಿದದ್ದನ್ನು ಆಗ ಮುಗಿಸಬಹುದು. ನಿಮಗೆ ಆ ಅನುಕೂಲ ಇಲ್ಲ. ಮಕ್ಕಳ ಹೆಸರು ಗೊತ್ತಿಲ್ಲ. ಕತ್ತರಿ ಯಾವ ಬೀರುವಿನಲ್ಲಿದೆ, ಯಾರ ಪಕ್ಕ ಯಾರನ್ನು ಕೂರಿಸಬಾರದು ಎನ್ನುವುದೂ ಗೊತ್ತಿಲ್ಲ. ಹಾಗಾಗಿ ಪಾಠ ಎಷ್ಟು ಚೆಂದ ಎನ್ನುವುದಕ್ಕಿಂತ ಅದು ಎಲ್ಲಿ ಎಡವಬಹುದು ಎಂದು ಮೊದಲು ನೋಡಬೇಕು.

ಸಾಮಾನಿನಿಂದ ಶುರು ಮಾಡಿ. ಹಾಳೆ ಮತ್ತು ಪೆನ್ಸಿಲ್ ಎಲ್ಲ ಕಡೆ ಇರುತ್ತವೆ. ಕ್ರೇಯಾನ್ ಅಥವಾ ಬಣ್ಣದ ಪೆನ್ಸಿಲ್ ಬಹುತೇಕ ಇರುತ್ತವೆ. ಕತ್ತರಿ, ಅಂಟು, ಜಲವರ್ಣ ಇದ್ದೇ ಇರುತ್ತವೆ ಎಂದು ನಂಬಿ ಹೋಗಬೇಡಿ. ಇನ್ನೊಂದು, ಒಣಗುವ ಹೊತ್ತು. ಒದ್ದೆ ಹಾಳೆಗಳನ್ನು ಇಡಲು ಜಾಗ ಬೇಕು, ಬೆಲ್ ಹೊಡೆದ ಮೇಲೂ ಅವು ಒಣಗಬೇಕು. ಒಂದೇ ಪೀರಿಯಡ್ಡಿಗೆ ಬಂದವರಿಗೆ ಇದು ದೊಡ್ಡ ತಲೆನೋವು.

ಮೂರನೆಯದು, ವಿವರಿಸಲು ಬೇಕಾಗುವ ಹೊತ್ತು. ಮೂರು ಹಂತಕ್ಕಿಂತ ಜಾಸ್ತಿ ಹೇಳಬೇಕಾದ ಪಾಠ ಗೊತ್ತಿಲ್ಲದ ತರಗತಿಯಲ್ಲಿ ನಡೆಯುವುದು ಕಷ್ಟ. ನಾಲ್ಕನೆಯ ಹಂತಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತದೆ. ಕೊನೆಯದಾಗಿ, ಬೇಗ ಮುಗಿಸಿದವರಿಗೆ ಅದೇ ಪಾಠದೊಳಗೆ ಇನ್ನಷ್ಟು ಕೆಲಸ ಸಿಗುತ್ತದಾ? ಸಿಗದಿದ್ದರೆ ಕೊನೆಯ ಹದಿನೈದು ನಿಮಿಷ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕೈಯ ಗೆರೆ ಚಿತ್ರ

ಮೂರನೇ ತರಗತಿಯಿಂದ ಮೇಲಿನ ಮಕ್ಕಳಾದರೆ ನನ್ನ ಮೊದಲ ಆಯ್ಕೆ ಇದೇ. ಮಗು ಬೆರಳು ಸ್ವಲ್ಪ ಅಗಲಿಸಿ ಹಾಳೆಯ ಮೇಲೆ ಕೈ ಇಡುತ್ತದೆ. ಸುತ್ತ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆಯುತ್ತದೆ. ಆಮೇಲೆ ಹಾಳೆಯ ಎಡ ಅಂಚಿನಿಂದ ಬಲ ಅಂಚಿಗೆ ಅಡ್ಡ ಗೆರೆಗಳು. ಕೈಯ ಹೊರಗೆ ಗೆರೆ ನೇರವಾಗಿ ಹೋಗಬೇಕು. ಕೈಯ ಅಂಚು ಮುಟ್ಟಿದ ತಕ್ಷಣ ಕಮಾನಿನ ಹಾಗೆ ಮೇಲೆ ಬಾಗಿ ಇನ್ನೊಂದು ಅಂಚಿಗೆ ಇಳಿಯಬೇಕು. ಮತ್ತೆ ನೇರ. ಇಷ್ಟೇ ನಿಯಮ.

ಐದಾರು ಗೆರೆ ಎಳೆಯುವಷ್ಟರಲ್ಲಿ ಏನೋ ಆಗುತ್ತಿದೆ ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಹತ್ತಾಗುವಷ್ಟರಲ್ಲಿ ಚಪ್ಪಟೆ ಹಾಳೆಯಿಂದ ಕೈ ಉಬ್ಬಿ ಬಂದ ಹಾಗೆ ಕಾಣುತ್ತದೆ. ಬಾಗಿದ ಗೆರೆಗಳ ಸಾಲನ್ನು ನಮ್ಮ ಕಣ್ಣು ದುಂಡಗಿನ ಮೈ ಎಂದು ಓದಿಕೊಳ್ಳುತ್ತದೆ, ನೇರ ಗೆರೆಗಳನ್ನು ಸಪಾಟು ನೆಲ ಎಂದು. ಬ್ರಿಟನ್ನಿನ ಬ್ರಿಜೆಟ್ ರೈಲಿ ಎಂಬ ಕಲಾವಿದೆ 1960ರ ದಶಕದಲ್ಲಿ ಇಂಥದೇ ಕಣ್ಣಿನ ಆಟದಿಂದ ಹೆಸರಾದವರು. 1961ರಲ್ಲಿ ಅವರು ಮಾಡಿದ ಒಂದು ಚಿತ್ರದಲ್ಲಿ ಇರುವುದು ಬರೀ ಕಪ್ಪು ಬಿಳುಪಿನ ಚೌಕಗಳು. ಅವು ಒಂದು ಕಡೆ ಕಿರಿದಾಗುತ್ತಾ ಹೋಗುತ್ತವೆ. ಹಾಳೆ ಒಳಕ್ಕೆ ಮಡಚಿಕೊಂಡ ಹಾಗೆ ಕಾಣುತ್ತದೆ. ಈ ವಿಷಯ ಮಕ್ಕಳಿಗೆ ಹೇಳಿ. ತಾವು ಮಾಡುತ್ತಿರುವುದು ದೊಡ್ಡವರೂ ಮಾಡಿದ ಕೆಲಸ ಎಂದು ತಿಳಿದರೆ ಪೆನ್ಸಿಲ್ ಹಿಡಿಯುವ ರೀತಿಯೇ ಬದಲಾಗುತ್ತದೆ.

ಎಡವುವ ಜಾಗ ಎರಡು. ಒಂದು, ಕೆಲವು ಮಕ್ಕಳು ಒಂದು ಕಮಾನನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಬಾಗಿಸುತ್ತಾರೆ. ಆಗ ಉಬ್ಬು ಕಾಣುವುದಿಲ್ಲ. "ಎಲ್ಲ ಕಮಾನೂ ಬೆರಳ ತುದಿಯ ಕಡೆಗೇ ಬಾಗಬೇಕು" ಎಂದು ಶುರುವಿನಲ್ಲೇ ಹೇಳಿ, ಬೋರ್ಡಿನ ಮೇಲೆ ಎರಡು ಬೆರಳಿಗೆ ಮಾಡಿ ತೋರಿಸಿ. ಎರಡು, ಗೆರೆಗಳ ನಡುವಿನ ಅಂತರ. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್. ಹಾಳೆ ನಿಲ್ಲಿಸಿ ಒಂದೊಂದು ಸೆಂಟಿಮೀಟರಿಗೆ ಗೆರೆ ಎಳೆದರೆ ಸುಮಾರು 29 ಗೆರೆ ಆಗುತ್ತದೆ. 40 ನಿಮಿಷದ ಪೀರಿಯಡ್ಡಿಗೆ ಇದು ಹಿಡಿಸುತ್ತದೆ. ಅರ್ಧ ಸೆಂಟಿಮೀಟರಿಗೆ ಇಳಿದರೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಅರ್ಧ ತರಗತಿ ಮುಗಿಸುವುದಿಲ್ಲ. ಬೇಗ ಮುಗಿಸಿದವರು ಪಟ್ಟಿ ಬಿಟ್ಟು ಪಟ್ಟಿಗೆ ಬಣ್ಣ ತುಂಬಲಿ. ಕೈಗೆ ಕೆಂಪು, ಕಿತ್ತಳೆಯಂಥ ಬೆಚ್ಚನೆಯ ಬಣ್ಣ, ಹಿನ್ನೆಲೆಗೆ ನೀಲಿ, ಹಸಿರಿನಂಥ ತಣ್ಣನೆಯ ಬಣ್ಣ ಹಾಕಲು ಹೇಳಿದರೆ ಅದೇ ಇನ್ನೊಂದು ಪಾಠವಾಗುತ್ತದೆ.

ಒಂದು ಮತ್ತು ಎರಡನೇ ತರಗತಿಗೆ ಇದನ್ನು ಕೊಡಬೇಡಿ. ಗೆರೆಯನ್ನು ಸರಿಯಾಗಿ ಅಂಚಿಗೆ ತಂದು ಬಾಗಿಸುವ ಹಿಡಿತ ಆ ವಯಸ್ಸಿನ ಬಹಳ ಮಕ್ಕಳಿಗೆ ಇನ್ನೂ ಬಂದಿರುವುದಿಲ್ಲ.

ಚಿಕ್ಕವರಿಗೆ: ಉಜ್ಜಿ ಮೂಡಿಸುವ ಚಿತ್ರ

ಚಿಕ್ಕ ಮಕ್ಕಳಿಗೆ ಕೈಯ ಗೆರೆ ಚಿತ್ರದ ಬದಲು ಇದನ್ನು ಆರಿಸಿ. ಎಲೆ, ನಾಣ್ಯ, ಬಾಚಣಿಗೆ, ಒರಟು ಗೋಡೆ, ಚೀಲದ ಜಿಪ್, ಹೀಗೆ ಉಬ್ಬುತಗ್ಗು ಇರುವ ಏನಾದರೂ ಸಾಕು. ಅದರ ಮೇಲೆ ಹಾಳೆ ಇಟ್ಟು ಕ್ರೇಯಾನಿನಿಂದ ಉಜ್ಜಿದರೆ ಕೆಳಗಿನ ಮೈ ಹಾಳೆಯ ಮೇಲೆ ಮೂಡುತ್ತದೆ. ಚೆನ್ನಾಗಿ ಬಿಡಿಸಲು ಬರುವ ಮಗುವಿಗೂ ಬರದ ಮಗುವಿಗೂ ಇಲ್ಲಿ ವ್ಯತ್ಯಾಸ ಇಲ್ಲ. ಮೊದಲ ಸಲ ಎಲೆಯ ನರಗಳು ಒಂದೊಂದಾಗಿ ಮೂಡುವಾಗ ಮಕ್ಕಳ ಮುಖ ನೋಡಬೇಕು!

ಸಣ್ಣ ಸಂಗತಿಗಳೇ ಇಲ್ಲಿ ಮುಖ್ಯ. ದಪ್ಪ ಡ್ರಾಯಿಂಗ್ ಹಾಳೆ ಬೇಡ, ತೆಳ್ಳನೆಯ ಪ್ರಿಂಟರ್ ಹಾಳೆ ಸಾಕು. ಎಲೆಯನ್ನು ನರ ಎದ್ದು ಕಾಣುವ ಹಿಂಬದಿ ಮೇಲಾಗಿ ಇಡಬೇಕು. ಕ್ರೇಯಾನಿನ ಸುತ್ತಲಿನ ಕಾಗದ ಸುಲಿದು, ಅದನ್ನು ಅಡ್ಡ ಮಲಗಿಸಿ ಉಜ್ಜಬೇಕು. ತುದಿಯಿಂದ ಒತ್ತಿದರೆ ಹಾಳೆ ಹರಿಯುತ್ತದೆ. ಹಾಳೆ ಜರುಗಿದರೆ ಚಿತ್ರ ಎರಡೆರಡಾಗಿ ಮೂಡುತ್ತದೆ, ಹಾಗಾಗಿ ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಹಿಡಿಯಲಿ, ಒಬ್ಬರು ಉಜ್ಜಲಿ.

ಇದರ ದೋಷ ಎಂದರೆ ಬೇಗ ಮುಗಿಯುತ್ತದೆ. ಹತ್ತು ನಿಮಿಷಕ್ಕೆ ಹಾಳೆ ತುಂಬುತ್ತದೆ, ಆಮೇಲೆ ಮಕ್ಕಳು ಇನ್ನಷ್ಟು ಉಜ್ಜಲು ಜಾಗ ಹುಡುಕಿ ತರಗತಿಯೆಲ್ಲ ಓಡಾಡುತ್ತಾರೆ. ಹಾಗಾಗಿ ಎರಡನೆಯ ಭಾಗ ಮೊದಲೇ ಯೋಚಿಸಿಟ್ಟಿರಿ. ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಮರದ ಹಲಗೆಯ ನೆಲದ ಮೇಲೆ ಕಾಗದ ಇಟ್ಟು ಹೀಗೇ ಉಜ್ಜಿದರು. ಮೂಡಿದ ಗುರುತುಗಳಲ್ಲಿ ಅವರಿಗೆ ಕಾಡು, ಹಕ್ಕಿ, ವಿಚಿತ್ರ ಪ್ರಾಣಿಗಳು ಕಂಡವು. ಮಕ್ಕಳಿಗೂ ಅದನ್ನೇ ಕೇಳಿ. "ಇದರಲ್ಲಿ ನಿನಗೆ ಏನು ಕಾಣುತ್ತಿದೆ? ಕಣ್ಣು ಎಲ್ಲಿ ಇಡ್ತೀಯ? ಕಾಲು ಎಷ್ಟು?" ಉಜ್ಜಿದ ಗುರುತು ಪ್ರಾಣಿಯ ಮೈಯಾಗುತ್ತದೆ, ಮಗು ತಲೆ, ಬಾಲ, ರೆಕ್ಕೆ ಸೇರಿಸುತ್ತದೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಮಾತಾಡುವ ತರಗತಿಗೆ: ಮಡಚಿದ ಹಾಳೆಯ ಜೀವಿ

ಕೆಲವು ತರಗತಿಗಳು ಹೊಸಬರನ್ನು ಕಂಡರೆ ಸುಮ್ನೆ ಕೂರುವುದಿಲ್ಲ. ಅಲ್ಲಿ ಮೌನ ಬೇಡುವ ಪಾಠ ತಂದರೆ ಇಡೀ ಪೀರಿಯಡ್ "ಶ್" ಅನ್ನುವುದರಲ್ಲೇ ಕಳೆಯುತ್ತದೆ. ಅಂಥಲ್ಲಿ ಈ ಆಟ ಸರಿ. ಹಾಳೆಯನ್ನು ಅಡ್ಡಕ್ಕೆ ಮೂರು ಪಾಲಾಗಿ ಮಡಚಬೇಕು. ಮೊದಲ ಪಾಲಿನಲ್ಲಿ ಒಬ್ಬರು ತಲೆ ಬಿಡಿಸುತ್ತಾರೆ. ಕುತ್ತಿಗೆಯ ಎರಡು ಗೆರೆ ಮಡಿಕೆ ದಾಟಿ ಒಂದು ಸೆಂಟಿಮೀಟರ್ ಕೆಳಗೆ ಬಂದಿರಬೇಕು. ತಲೆ ಕಾಣದ ಹಾಗೆ ಹಿಂದಕ್ಕೆ ಮಡಚಿ ಪಕ್ಕದವರಿಗೆ ಕೊಡುತ್ತಾರೆ. ಅವರು ಆ ಎರಡು ಗೆರೆಯಿಂದ ಹೊಟ್ಟೆ, ಕೈ ಬಿಡಿಸುತ್ತಾರೆ. ಮೂರನೆಯವರು ಕಾಲು. ಕೊನೆಗೆ ಬಿಚ್ಚಿದಾಗ ಯಾರೂ ಯೋಚಿಸಿರದ ಒಂದು ಜೀವಿ ಎದುರಿಗಿರುತ್ತದೆ.

ಇದು 1925ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಕವಿ ಆಂದ್ರೆ ಬ್ರೆತೋನ್ ಮತ್ತು ಅವರ ಗೆಳೆಯರು ಆಡುತ್ತಿದ್ದ ಆಟ. ಮೊದಲು ಪದಗಳಲ್ಲಿ ಆಡಿದರು, ಆಮೇಲೆ ಚಿತ್ರಕ್ಕೆ ತಂದರು.

ಬದಲಿ ಶಿಕ್ಷಕರಿಗೆ ಇದರಲ್ಲಿ ಇರುವ ದೊಡ್ಡ ಅನುಕೂಲ ಸಮಯದ ಹಿಡಿತ. ಒಂದು ಪಾಲಿಗೆ ಏಳು ನಿಮಿಷ ಕೊಟ್ಟರೆ ಮೂರಕ್ಕೆ 21 ನಿಮಿಷ. ಬಿಚ್ಚಿ ನೋಡಿ ನಗಲು, ಜೀವಿಗೆ ಹೆಸರಿಡಲು, ಬಣ್ಣ ಹಾಕಲು ಉಳಿದದ್ದು. ಎಲ್ಲರೂ ಒಟ್ಟಿಗೆ ಮುಗಿಸುತ್ತಾರೆ, ಏಕೆಂದರೆ ಗಡಿಯಾರ ನಿಮ್ಮ ಕೈಯಲ್ಲಿದೆ. ಉಳಿದ ಯಾವ ಪಾಠದಲ್ಲೂ ಈ ಅನುಕೂಲ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಆದರೆ ಒಂದು ಎಚ್ಚರ ಬೇಕೇ ಬೇಕು. "ಈ ತರಗತಿಯಲ್ಲಿರುವ ಯಾರನ್ನೂ ಬಿಡಿಸಬಾರದು, ಯಾರ ಹೆಸರೂ ಬರೆಯಬಾರದು" ಎಂದು ಶುರು ಮಾಡುವ ಮೊದಲೇ ಹೇಳಿ. ಇಲ್ಲದಿದ್ದರೆ ಯಾವುದೋ ಒಂದು ಮಗುವನ್ನು ಗೇಲಿ ಮಾಡಲು ಈ ಆಟ ನೆಪವಾಗಬಹುದು. ಯಾರು ಯಾರನ್ನು ಕಾಡುತ್ತಾರೆ ಎಂಬುದು ಹೊಸದಾಗಿ ಬಂದ ನಿಮಗೆ ಗೊತ್ತಿರುವುದಿಲ್ಲ, ಅಲ್ವಾ? ಪ್ರಾಣಿ, ಯಂತ್ರ, ಬೇರೆ ಗ್ರಹದ ಜೀವಿ ಎಂದು ವಿಷಯ ಕೊಟ್ಟುಬಿಟ್ಟರೆ ಇನ್ನೂ ನೆಮ್ಮದಿ. ಹಾಳೆಯ ಹಿಂದೆ ಮೂವರ ಹೆಸರೂ ಇರಲಿ. ಯಾರು ಮನೆಗೆ ಒಯ್ಯಬೇಕು ಎಂಬ ಜಗಳ ಬರುತ್ತದೆ. ಅದಕ್ಕೆ ಮೂರು ಹಾಳೆ ಒಟ್ಟಿಗೆ ಸುತ್ತಿಸಿ. ಮೂವರ ಗುಂಪಿನಲ್ಲಿ ಒಬ್ಬೊಬ್ಬರೂ ಒಂದೊಂದು ತಲೆಯಿಂದ ಶುರು ಮಾಡಿದರೆ ಕೊನೆಗೆ ಮೂರು ಜೀವಿ ಸಿಗುತ್ತವೆ, ಒಬ್ಬರಿಗೊಂದು.

ಹೆಸರಿನ ಕನ್ನಡಿ ಚಿತ್ರ

ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ, ಮಡಿಕೆಗೆ ತಾಗುವ ಹಾಗೆ ಮಗು ತನ್ನ ಹೆಸರನ್ನು ಮೃದು ಪೆನ್ಸಿಲಿನಿಂದ ದಪ್ಪವಾಗಿ, ದೊಡ್ಡದಾಗಿ ಬರೆಯುತ್ತದೆ. ಬರೆದದ್ದು ಒಳಗಾಗುವ ಹಾಗೆ ಮಡಚಿ, ಹಿಂದಿನಿಂದ ಪೆನ್ಸಿಲಿನ ಹಿಂಬದಿಯಿಂದಲೋ ಉಗುರಿನಿಂದಲೋ ಗಟ್ಟಿಯಾಗಿ ಉಜ್ಜಬೇಕು. ಇನ್ನೊಂದು ಬದಿಗೆ ಹೆಸರಿನ ಮಸುಕು ಪ್ರತಿ ತಲೆಕೆಳಗಾಗಿ ಬಂದಿರುತ್ತದೆ. ಅದನ್ನು ತಿದ್ದಿ, ಹಾಳೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿದರೆ ಯಾವುದೋ ಹುಳ, ಮುಖವಾಡ, ರಾಕೆಟ್ ಕಾಣುತ್ತದೆ. ಅದನ್ನು ಬೆಳೆಸುವುದು ಮಗುವಿಗೆ ಬಿಟ್ಟದ್ದು. ಒತ್ತಕ್ಷರ ಕೆಳಗೆ ಇಳಿಯುವ ಹೆಸರಾದರೆ ಮಡಿಕೆಯಿಂದ ಸ್ವಲ್ಪ ಮೇಲೆ ಬರೆಯಲಿ, ಒತ್ತಕ್ಷರವೇ ಮಡಿಕೆಗೆ ತಾಗಲಿ.

ಚಿತ್ರವಾಗಿ ನೋಡಿದರೆ ಕೈಯ ಗೆರೆ ಚಿತ್ರ ಇದಕ್ಕಿಂತ ಒಂದು ಕೈ ಮೇಲು. ಆದರೂ ಇದನ್ನು ಬಿಡದಿರಲು ನನ್ನ ಕಾರಣ ಬೇರೆ. ಮೂವತ್ತು ಮಕ್ಕಳ ಹೆಸರು ಮೂವತ್ತು ಮೇಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಇರುತ್ತದೆ. ನಡೆದಾಡುತ್ತಾ ಓದಿಕೊಂಡು ಹೆಸರು ಹಿಡಿದು ಕರೆಯಬಹುದು. "ಏಯ್, ನೀನು, ಕೆಂಪು ಅಂಗಿ" ಎನ್ನುವುದಕ್ಕೂ ಹೆಸರು ಹಿಡಿದು ಮಾತಾಡಿಸುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ತರಗತಿಯಲ್ಲಿ ನಿಂತವರಿಗೆ ಗೊತ್ತು. ಒಂದೇ ತರಗತಿಗೆ ಎರಡು ಮೂರು ದಿನ ಹೋಗುವುದಿದ್ದರೆ ಮೊದಲ ದಿನಕ್ಕೆ ಇದನ್ನೇ ಇಟ್ಟುಕೊಳ್ಳಿ. ಹೆಸರು ಬರೆಯುವುದು ಸಲೀಸಾದ ಎರಡನೇ ತರಗತಿಯಿಂದ ನಡೆಯುತ್ತದೆ.

ದೊಡ್ಡವರಿಗೆ: ಹಾಳೆ ನೋಡದೆ ಬಿಡಿಸುವುದು

ಒಂಬತ್ತು ಹತ್ತು ವಯಸ್ಸಿಗೆ ಮಕ್ಕಳಲ್ಲಿ ಒಂದು ಬದಲಾವಣೆ ಬರುತ್ತದೆ. ಅಲ್ಲಿಯವರೆಗೆ ಕೆಳಗೊಂದು ನೆಲದ ಗೆರೆ, ಮೇಲೊಂದು ಆಕಾಶದ ಪಟ್ಟಿ ಎಳೆದು ಧೈರ್ಯವಾಗಿ ಬಿಡಿಸುತ್ತಿದ್ದ ಮಗು, ಈಗ ತನ್ನ ಚಿತ್ರ ನಿಜದ ಹಾಗೆ ಕಾಣುತ್ತಿಲ್ಲ ಎಂದು ಗಮನಿಸುತ್ತದೆ. "ನನಗೆ ಡ್ರಾಯಿಂಗ್ ಬರಲ್ಲ ಸರ್" ಎನ್ನುವ ಮಾತು ಹೆಚ್ಚಾಗಿ ಕೇಳಲು ಶುರುವಾಗುವುದು ಇಲ್ಲೇ. ಬಹಳ ಜನ ಜೀವನಪೂರ್ತಿ ಚಿತ್ರ ಬಿಡಿಸುವುದನ್ನು ಬಿಟ್ಟುಬಿಡುವುದೂ ಇಲ್ಲೇ. ಹಾಗಾಗಿ ಈ ವಯಸ್ಸಿನ ತರಗತಿಗೆ ಏನು ಕೊಡುತ್ತೀರಿ ಎನ್ನುವುದು ನನಗೆ ತುಂಬಾ ಮುಖ್ಯ ಅನಿಸುತ್ತದೆ.

ತಪ್ಪಾಗುವುದನ್ನೇ ನಿಯಮ ಮಾಡಿಬಿಡುವ ಪಾಠ ಇದು. ಮಗು ತನ್ನ ಎಡಗೈಯನ್ನೋ ಕಳಚಿಟ್ಟ ಶೂವನ್ನೋ ನೋಡುತ್ತಾ ಬಿಡಿಸಬೇಕು. ಹಾಳೆಯ ಕಡೆ ಕಣ್ಣು ಹೋಗಬಾರದು, ಪೆನ್ಸಿಲ್ ಮೇಲೆ ಎತ್ತಬಾರದು. ಕಣ್ಣು ವಸ್ತುವಿನ ಅಂಚಿನ ಮೇಲೆ ಇರುವೆ ಹರಿದಷ್ಟು ನಿಧಾನ ಸಾಗಬೇಕು, ಪೆನ್ಸಿಲ್ ಅದೇ ವೇಗದಲ್ಲಿ ಹಾಳೆಯ ಮೇಲೆ. ಇಣುಕಿ ನೋಡುವ ಆಸೆ ತಡೆಯಲು ಒಂದು ಚಿಕ್ಕ ಕಾಗದಕ್ಕೆ ಪೆನ್ಸಿಲ್ ತೂರಿಸಿಕೊಂಡರೆ ಕೈ ಮರೆಯಾಗುತ್ತದೆ.

ಮೊದಲ ಚಿತ್ರ ನೋಡಿ ಎಲ್ಲರೂ ನಗುತ್ತಾರೆ. ನಗಲಿ. ಎಲ್ಲರದ್ದೂ ಸೊಟ್ಟಗಿರುವುದರಿಂದ ಯಾರದ್ದೂ ಕೆಟ್ಟದ್ದಲ್ಲ. ಮೂರು ನಿಮಿಷದಂತೆ ಮೂರು ಸಲ ಮಾಡಿಸಿ. ಮೂರನೆಯ ಸಲಕ್ಕೆ ಬೆರಳ ಗೆಣ್ಣಿನ ಸುಕ್ಕು, ಶೂ ಲೇಸಿನ ತಿರುವು ಹಾಳೆಗೆ ಬರಲು ಶುರುವಾಗುತ್ತವೆ. ಆಮೇಲೆ ನಾಲ್ಕನೆಯದನ್ನು ಹಾಳೆ ನೋಡುತ್ತಾ ಬಿಡಿಸಲು ಬಿಡಿ. ಮೊದಲು ಬಿಡಿಸುತ್ತಿದ್ದ ಶೂಗಿಂತ ಅದು ಬೇರೆಯೇ ಆಗಿರುತ್ತದೆ, ಏಕೆಂದರೆ ಈ ಸಲ ಮಗು ನೆನಪಿನಲ್ಲಿರುವ ಶೂ ಬಿಟ್ಟು ಕಣ್ಣೆದುರಿನ ಶೂ ಬಿಡಿಸಿದೆ.

ಸಾಮಾನಿನ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇಲ್ಲ. ಒಂದು ಪೆನ್ಸಿಲ್, ನಾಲ್ಕು ಹಾಳೆ, ಅಷ್ಟೇ. ಕಷ್ಟ ಎಂದರೆ, ತರಗತಿ ಮೂರು ನಿಮಿಷವಾದರೂ ಸದ್ದಿಲ್ಲದೆ ಇರಬೇಕು. ಗಲಾಟೆಯ ತರಗತಿಯಲ್ಲಿ ಮೊದಲ ಸಲ ಒಂದೇ ನಿಮಿಷ ಇಟ್ಟು, ಆಮೇಲೆ ಹೆಚ್ಚಿಸುತ್ತಾ ಹೋಗಿ. ಎಂಟು ವಯಸ್ಸಿನ ಕೆಳಗಿನವರಿಗೆ ಬೇಡ, ಅವರಿಗೆ ಇದರ ಅಗತ್ಯವೇ ಇಲ್ಲ.

ಬಣ್ಣವೇ ಬೇಕೆಂದರೆ

ಬಣ್ಣದ ಪಾಠಕ್ಕೆ ಮಕ್ಕಳು ಜೀವ ಬಿಡುತ್ತಾರೆ. ಜಲವರ್ಣ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನೀರು ತರುವುದು, ಚೆಲ್ಲುವುದು, ಬ್ರಷ್ ತೊಳೆಯುವುದು, ಒದ್ದೆ ಹಾಳೆ ಹರಡುವುದು, ಇಷ್ಟರಲ್ಲೇ ಅರ್ಧ ಪೀರಿಯಡ್ ಹೋಗುತ್ತದೆ. ರಜೆಯಲ್ಲಿರುವ ಶಿಕ್ಷಕರೇ ಎಲ್ಲ ಜೋಡಿಸಿಟ್ಟು ಹೋಗಿದ್ದರೆ ಮಾತ್ರ ಸರಿ.

ಅದರ ಬದಲು ಕ್ರೇಯಾನ್ ಅಥವಾ ಆಯಿಲ್ ಪೇಸ್ಟಲ್ ಹಿಡಿದು ವೃತ್ತದೊಳಗೆ ವೃತ್ತ ಮಾಡಿಸಿ. ರಷ್ಯಾದ ಕಲಾವಿದ ವಾಸಿಲಿ ಕ್ಯಾಂಡಿನ್‌ಸ್ಕಿ 1913ರಲ್ಲಿ ಹೀಗೆ ಹನ್ನೆರಡು ಚೌಕಗಳಲ್ಲಿ ಬಣ್ಣದ ಉಂಗುರಗಳನ್ನು ಬಿಡಿಸಿ ಯಾವ ಬಣ್ಣದ ಪಕ್ಕ ಯಾವುದು ಹೇಗೆ ಕಾಣುತ್ತದೆ ಎಂದು ನೋಡಿದ್ದರು. ಆ ಹಾಳೆ ಈಗ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯದಲ್ಲಿದೆ. ಹನ್ನೆರಡು ಚೌಕ ಒಂದು ಪೀರಿಯಡ್ಡಿಗೆ ಆಗುವುದಿಲ್ಲ. ಹಾಳೆಯನ್ನು ಎರಡು ಸಲ ಮಡಚಿದರೆ ನಾಲ್ಕು ಮನೆ. ಚಿಕ್ಕವರಿಗೆ ಅಷ್ಟು ಸಾಕು. ಮೂರು ಸಲ ಮಡಚಿದರೆ ಎಂಟು, ಅದು ದೊಡ್ಡವರಿಗೆ. ನಿಯಮ ಎರಡೇ: ಬಿಳಿ ಜಾಗ ಉಳಿಯಬಾರದು, ಅಕ್ಕಪಕ್ಕದ ಎರಡು ಉಂಗುರ ಒಂದೇ ಬಣ್ಣ ಆಗಬಾರದು.

ಮಕ್ಕಳಿಗೆ ಒಂದು ಪ್ರಯೋಗ ಕೊಡಿ. ಒಂದೇ ಹಳದಿಯನ್ನು ಒಂದು ಮನೆಯಲ್ಲಿ ನೀಲಿಯ ನಡುವೆ, ಇನ್ನೊಂದರಲ್ಲಿ ಕಿತ್ತಳೆಯ ನಡುವೆ ಹಾಕಲಿ. ನೀಲಿಯ ನಡುವೆ ಅದು ಹೊಳೆಯುತ್ತದೆ, ಕಿತ್ತಳೆಯ ನಡುವೆ ಅಷ್ಟು ಎದ್ದು ಕಾಣುವುದಿಲ್ಲ. "ಒಂದೇ ಕ್ರೇಯಾನ್ ತಾನೇ?" ಎಂದು ಮಕ್ಕಳು ಮತ್ತೆ ಮತ್ತೆ ನೋಡುತ್ತಾರೆ. ವಿವರಿಸಲು ಹೋಗಬೇಡಿ, ಅವರೇ ಮಾತಾಡಿಕೊಳ್ಳಲಿ.

ಈ ಪಾಠ ಮೂರರ ಮಗುವಿಗೂ ಹನ್ನೊಂದರ ಮಗುವಿಗೂ ನಡೆಯುತ್ತದೆ. ಬೇರೆ ಬೇರೆ ವಯಸ್ಸಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ ದಿನ ಇದನ್ನು ಬಿಟ್ಟು ಬೇರೆ ಹುಡುಕಬೇಕಿಲ್ಲ. ಕೈ ನೋಯುತ್ತದೆ ಎಂಬ ದೂರು ಬರುತ್ತದೆ, ಅದೊಂದೇ ಕೊರತೆ.

ಕತ್ತರಿ ಮತ್ತು ಅಂಟು

ಫ್ರಾನ್ಸಿನ ಕಲಾವಿದ ಆಂರಿ ಮಾತೀಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಮೇಲೆ ನಿಂತು ಚಿತ್ರ ಬರೆಯುವುದು ಕಷ್ಟವಾಯಿತು. ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ಜೋಡಿಸುವ ಕೆಲಸವನ್ನೇ ಮುಂದೆ ಹೆಚ್ಚಾಗಿ ಮಾಡಿದರು. 1953ರ ಅವರ ಬಸವನಹುಳುವಿನ ಚಿತ್ರ ಎರಡೂವರೆ ಮೀಟರಿಗಿಂತ ಅಗಲ ಇದೆ, ಅದರಲ್ಲಿ ಇರುವುದು ಬಣ್ಣದ ಕಾಗದದ ತುಂಡುಗಳು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕಾ? ಆಕಾರಗಳನ್ನು ಅಂಟಿಸುವ ಮುಂಚೆ ಸರಿಸಿ ಸರಿಸಿ ನೋಡಬಹುದು. ಪೆನ್ಸಿಲಿನಲ್ಲಿ ಆ ಅವಕಾಶ ಇಲ್ಲ.

ಪಾಠ ಶ್ರೀಮಂತ, ಆದರೆ ಬದಲಿ ಶಿಕ್ಷಕರಿಗೆ ಅಪಾಯ ಜಾಸ್ತಿ. ಕತ್ತರಿ ಎಣಿಸಿ ಕೊಡಬೇಕು, ಎಣಿಸಿ ವಾಪಸ್ ಪಡೆಯಬೇಕು. ಎಡಗೈ ಬಳಸುವ ಮಗುವಿಗೆ ಬಲಗೈ ಕತ್ತರಿ ಸರಿಯಾಗಿ ಕತ್ತರಿಸುವುದಿಲ್ಲ, ಅದು ತನ್ನ ಕೈಯೇ ಸರಿ ಇಲ್ಲ ಎಂದುಕೊಳ್ಳುತ್ತದೆ. ನೆಲದ ಮೇಲಿನ ಚೂರು ಎತ್ತಲು ಕೊನೆಯ ಎಂಟು ನಿಮಿಷ ಬಿಡಬೇಕು. ಆಸೆ ಇದ್ದರೆ ಕತ್ತರಿ ಬಿಟ್ಟು ಕೈಯಿಂದಲೇ ಹರಿದು ಅಂಟಿಸುವ ಪಾಠ ಮಾಡಿ. ಹರಿದ ಅಂಚಿಗೆ ಒಂದು ಮೃದು ಇರುತ್ತದೆ, ಮರ, ಮೋಡ, ಪ್ರಾಣಿಯ ಮೈಗೂದಲಿಗೆ ಅದು ಕತ್ತರಿಗಿಂತ ಚೆನ್ನಾಗಿ ಒಪ್ಪುತ್ತದೆ. ದ್ರವದ ಅಂಟಿಗಿಂತ ಗ್ಲೂ ಸ್ಟಿಕ್ ವಾಸಿ.

ಬೋರ್ಡಿನ ಮೇಲೆ ಹಂತ ಹಂತವಾಗಿ ತೋರಿಸುವುದು

"ಮೊದಲು ಒಂದು ವೃತ್ತ, ಈಗ ಎರಡು ಕಿವಿ" ಎಂದು ನೀವು ಬಿಡಿಸುತ್ತಾ ಮಕ್ಕಳು ಹಿಂಬಾಲಿಸುವ ಪಾಠ ಬಹಳ ಜನಪ್ರಿಯ. ತರಗತಿ ಹಿಡಿತದಲ್ಲಿರುತ್ತದೆ, ಕೊನೆಗೆ ಎಲ್ಲರ ಹಾಳೆಯಲ್ಲೂ ಬೆಕ್ಕು ಇರುತ್ತದೆ. ಅಂಜುವ ಮಗುವಿಗೆ ಇದರಿಂದ ಧೈರ್ಯ ಬರುವುದೂ ನಿಜ. ಆದರೆ ತೀರ್ಮಾನಗಳೆಲ್ಲ ನಿಮ್ಮವು. ಬೋರ್ಡಿನ ಬೆಕ್ಕಿಗೆ ಹೋಲದ ಬೆಕ್ಕು ಬಿಡಿಸಿದ ಮಗುವಿಗೆ ತನ್ನದು ತಪ್ಪು ಎಂದು ಅನಿಸಿಬಿಡುತ್ತದೆ.

ಇದನ್ನೇ ಆರಿಸುವುದಾದರೆ ಅರ್ಧಕ್ಕೆ ನಿಲ್ಲಿಸಿ. ಬೆಕ್ಕಿನ ಮೈಯವರೆಗೆ ಹೇಳಿಕೊಟ್ಟು ಬೋರ್ಡ್ ಒರೆಸಿಬಿಡಿ. ಅದು ಎಲ್ಲಿದೆ, ಏನು ಮಾಡುತ್ತಿದೆ, ಯಾರನ್ನು ನೋಡುತ್ತಿದೆ ಎನ್ನುವುದು ಮಕ್ಕಳ ಕೆಲಸ. ಒಂದನೇ ತರಗತಿಗೆ ಈ ರೀತಿ ಚೆನ್ನಾಗಿ ಒಗ್ಗುತ್ತದೆ. ದೊಡ್ಡವರಿಗೆ ಬೇಡ.

ಹಾಗಾದರೆ ಯಾವುದು?

ತರಗತಿ ಯಾವುದು, ಸಾಮಾನು ಏನಿದೆ ಎಂದು ಏನೂ ತಿಳಿಯದೆ ಹೋಗುತ್ತಿದ್ದೀರಿ ಎಂದರೆ ಎರಡು ಪಾಠ ತಲೆಯಲ್ಲಿಟ್ಟುಕೊಳ್ಳಿ: ಚಿಕ್ಕವರು ಸಿಕ್ಕರೆ ಉಜ್ಜುವ ಚಿತ್ರ, ಮೂರನೇ ತರಗತಿ ಅಥವಾ ಅದಕ್ಕಿಂತ ಮೇಲಿನವರಾದರೆ ಕೈಯ ಗೆರೆ ಚಿತ್ರ. ಚೀಲದಲ್ಲಿ ಒಂದು ಕಟ್ಟು ತೆಳ್ಳನೆಯ ಹಾಳೆ, ಸುಲಿದ ಕ್ರೇಯಾನ್ ಒಂದು ಡಬ್ಬಿ, ಹತ್ತಿಪ್ಪತ್ತು ಚೂಪು ಮಾಡಿದ ಪೆನ್ಸಿಲ್ ಇದ್ದರೆ ಎರಡೂ ನಡೆಯುತ್ತವೆ. ತರಗತಿ ಗದ್ದಲದ್ದು ಎಂದು ಒಳಗೆ ಕಾಲಿಟ್ಟ ಕೂಡಲೇ ಗೊತ್ತಾದರೆ ಮಡಚಿದ ಹಾಳೆಯ ಜೀವಿಗೆ ಬದಲಾಯಿಸಿ. ಐದನೇ ತರಗತಿಯವರು ಮುಖ ಸಿಂಡರಿಸಿ ಕೂತಿದ್ದರೆ ಹಾಳೆ ನೋಡದೆ ಬಿಡಿಸುವುದು. ಇಪ್ಪತ್ತೇ ನಿಮಿಷ ಉಳಿದಿದ್ದರೂ ಅದೇ.

ಯಾವುದನ್ನೇ ಆರಿಸಿದರೂ ಹಿಂದಿನ ದಿನ ಮನೆಯಲ್ಲಿ ನೀವೇ ಒಮ್ಮೆ ಮಾಡಿ ನೋಡಿ. ಎಲ್ಲಿ ಕೈ ತಡೆಯುತ್ತದೆ ಎಂದು ಗೊತ್ತಾಗುತ್ತದೆ, ತೋರಿಸಲು ಒಂದು ಮಾದರಿಯೂ ಸಿಗುತ್ತದೆ. ಆ ಮಾದರಿಯನ್ನು ಒಂದು ನಿಮಿಷ ತೋರಿಸಿ ಒಳಗಿಡಿ. ಎದುರಿಗೇ ಇದ್ದರೆ ಮಕ್ಕಳು ಅದನ್ನೇ ನಕಲು ಮಾಡುತ್ತಾರೆ. ಹಾಳೆ ಹಂಚಿದ ತಕ್ಷಣ, ಬೇರೇನೂ ಹೇಳುವ ಮೊದಲು, ಹಿಂಬದಿಯಲ್ಲಿ ಹೆಸರು ಬರೆಸಿ.

ನಡುವೆ ಮಗುವಿನ ಹಾಳೆಯ ಮೇಲೆ ನೀವು ಗೆರೆ ಎಳೆಯಬೇಡಿ. ಸಹಾಯ ಬೇಕಾದರೆ ಪಕ್ಕದಲ್ಲಿ ಒಂದು ಚೂರು ಕಾಗದದ ಮೇಲೆ ತೋರಿಸಿ. ಎಲ್ಲರಿಗೂ "ಚೆನ್ನಾಗಿದೆ" ಎನ್ನುವ ಬದಲು ಕಂಡದ್ದನ್ನು ಹೇಳಿ: "ಇಲ್ಲಿ ಗೆರೆ ತುಂಬಾ ಹತ್ತಿರ ಹತ್ತಿರ ಇಟ್ಟಿದ್ದೀಯ, ಬೆರಳು ಎಷ್ಟು ದುಂಡಗೆ ಕಾಣ್ತಿದೆ ನೋಡು." ತನ್ನ ಹಾಳೆಯನ್ನು ಯಾರೋ ನಿಜವಾಗಿ ನೋಡಿದರು ಎಂದು ಮಗುವಿಗೆ ಗೊತ್ತಾಗುತ್ತದೆ.

ಬೆಲ್‌ಗೆ ಐದು ನಿಮಿಷ ಮುಂಚೆ ಪೆನ್ಸಿಲ್ ಕೆಳಗಿಡಿಸಿ ಹಾಳೆಗಳನ್ನು ಸಾಲಾಗಿ ಪಡೆಯಿರಿ. ಮುಗಿದವು ಒಂದು ಕಟ್ಟು, ಉಳಿದವು ಇನ್ನೊಂದು. ಅವುಗಳ ಮೇಲೆ ತರಗತಿಯ ಶಿಕ್ಷಕರಿಗೆ ಒಂದು ಚೀಟಿ ಇಡಿ: ಏನು ಮಾಡಿಸಿದಿರಿ, ಯಾರದ್ದು ಅರ್ಧ ಉಳಿದಿದೆ, ಯಾರು ತುಂಬಾ ಮನಸ್ಸಿಟ್ಟು ಮಾಡಿದರು, ಯಾವ ಡಬ್ಬಿಯಿಂದ ಏನು ತೆಗೆದುಕೊಂಡಿರಿ.